ಮನೆಗೆ ಬರುವ ಡಾಗ್ ಟ್ರೈನರ್: ಕೊಟ್ಟ ದುಡ್ಡಿಗೆ ಸಿಗಬೇಕಾದ್ದೇನು?

ಬೆಂಗಳೂರಿನಲ್ಲಿ ನಾಯಿಗೆ ಟ್ರೈನಿಂಗ್ ಕೊಡಿಸಬೇಕೆಂದರೆ ಮೂರು ದಾರಿಗಳಿವೆ. ಟ್ರೈನರ್ ಮನೆಗೇ ಬಂದು ವಾರಕ್ಕೆ ಒಂದೆರಡು ಸಲ ಕಲಿಸುವುದು ಒಂದು. ನಾಯಿಯನ್ನು ತಿಂಗಳುಗಟ್ಟಲೆ ಹಾಸ್ಟೆಲ್‌ಗೆ ಬಿಟ್ಟು, ‘ರೆಡಿ’ಯಾದ ಮೇಲೆ ಕರೆತರುವುದು ಇನ್ನೊಂದು. ವಿಡಿಯೊ ಕಾಲ್‌ನಲ್ಲಿ ಹೇಳಿಸಿಕೊಂಡು ನಾವೇ ಮಾಡುವುದು ಮೂರನೆಯದು. ಇಲ್ಲಿ ಮುಖ್ಯವಾಗಿ ತೂಗಿ ನೋಡಿರುವುದು ಮೊದಲನೆಯದನ್ನು, ಅದರಲ್ಲೂ ಹೊಡೆಯದೆ, ಜಗ್ಗದೆ, ಶಾಕ್ ಕೊಡದೆ ಕಲಿಸುತ್ತೇವೆ ಎನ್ನುವವರ ಎಂಟು-ಹತ್ತು ಸೆಷನ್ನಿನ ಪ್ಯಾಕೇಜನ್ನು. ತೀರ್ಪು ಮೊದಲೇ ಹೇಳಿಬಿಡಬಹುದು. ಎರಡನೇ ಸೆಷನ್ನಿನ ಹೊತ್ತಿಗೆ ಲೀಶ್ ನಿಮ್ಮ ಕೈಗೆ ಬಂದಿದ್ದರೆ ದುಡ್ಡು ಸಾರ್ಥಕ. ಕೊನೆಯವರೆಗೂ ಅದು ಟ್ರೈನರ್ ಕೈಯಲ್ಲೇ ಇತ್ತೆಂದರೆ, ನಿಮ್ಮ ನಾಯಿ ಬೇರೆಯವರ ಮಾತು ಕೇಳಲಿ ಎಂದು ನೀವು ಫೀಸು ಕಟ್ಟಿದ ಹಾಗಾಯಿತು.

ಮೊದಲ ಭೇಟಿಯಿಂದಲೇ ಅರ್ಧ ಗೊತ್ತಾಗುತ್ತದೆ. ಒಳ್ಳೆಯ ಟ್ರೈನರ್ ಆ ದಿನ ನಾಯಿಗೆ ಏನೂ ಕಲಿಸದೆ ಹೋಗಬಹುದು, ಬೇಸರ ಮಾಡಿಕೊಳ್ಳಬೇಡಿ. ಒಂದರಿಂದ ಒಂದೂವರೆ ಗಂಟೆ ಕೂತು ಕೇಳಬೇಕಾದ್ದನ್ನೆಲ್ಲ ಕೇಳುತ್ತಾರೆ: ವಯಸ್ಸೆಷ್ಟು, ಎಲ್ಲಿಂದ ತಂದಿರಿ, ತಾಯಿಯಿಂದ ಎಷ್ಟು ವಾರಕ್ಕೆ ಬೇರೆ ಮಾಡಿದರು (ಎಂಟು ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ತಳಿ ಸಾಕಣೆ ನಿಯಮವೇ ಇದೆ, ಪಾಲಿಸುವವರು ಕಡಿಮೆ), ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆ, ವಾಕಿಂಗ್ ಯಾರು ಕರೆದೊಯ್ಯುತ್ತಾರೆ, ಕಚ್ಚಿದ್ದುಂಟೇ, ಕಚ್ಚಿದ್ದರೆ ಹಲ್ಲು ತಾಗಿದ್ದೋ ಚರ್ಮ ಹರಿದದ್ದೋ. ಸಮಸ್ಯೆಯನ್ನು ಕಣ್ಣಾರೆ ನೋಡಬೇಕೆಂದು ನಾಯಿಯನ್ನು ಕೆಣಕಿ ಬೊಗಳಿಸುವವರು ಇದ್ದಾರೆ. ಅದು ಬೇಡವೇ ಬೇಡ, ಹಳೆಯ ವಿಡಿಯೊ ಇದ್ದರೆ ಸಾಕು. ಬಂದವರು ನಾಯಿಯ ಮೇಲೆ ಬಾಗಿ ತಲೆ ಸವರಲು ಹೋದರೋ, ಅಥವಾ ಪಕ್ಕಕ್ಕೆ ತಿರುಗಿ ಕೂತು ದೂರದಿಂದ ಒಂದೊಂದೇ ತುಣುಕು ಎಸೆದು ಅದು ತಾನಾಗಿ ಹತ್ತಿರ ಬರಲು ಬಿಟ್ಟರೋ ಎಂಬುದನ್ನೂ ಗಮನಿಸಿ.

ಇನ್ನೊಂದು ಪ್ರಶ್ನೆಗೆ ಕಿವಿಗೊಡಿ: ಡಾಕ್ಟರಿಗೆ ತೋರಿಸಿದ್ದೀರಾ? ನಾಲ್ಕು ವರ್ಷ ಸುಮ್ಮನಿದ್ದ ನಾಯಿ ಒಂದು ದಿನ ಮುಟ್ಟಿದರೆ ಗುರ್ ಎನ್ನಲು ಶುರು ಮಾಡಿತೆಂದರೆ ಮೊದಲು ನೋಡಬೇಕಾದ್ದು ಕಿವಿ, ಹಲ್ಲು, ಸೊಂಟ, ಮಂಡಿ. ಒಳಗೆ ಕೀವಾದ ಕಿವಿಗೆ ಯಾವ ಟ್ರೈನಿಂಗೂ ನಾಟುವುದಿಲ್ಲ. ಮೊದಲು ಪಶುವೈದ್ಯರ ಹತ್ತಿರ ಹೋಗಿ ಬನ್ನಿ, ಆಮೇಲೆ ಸೆಷನ್ ಶುರು ಮಾಡೋಣ ಎಂದು ವಾಪಸ್ ಕಳಿಸುವ ಟ್ರೈನರ್ ಸಿಕ್ಕರೆ ನಂಬರ್ ಜೋಪಾನವಾಗಿಡಿ.

‘ನಾಯಿಗೆ ನೀವೇ ಬಾಸ್ ಎಂದು ತೋರಿಸಬೇಕು, ಇಲ್ಲದಿದ್ದರೆ ಅದೇ ಆಲ್ಫಾ ಆಗಿಬಿಡುತ್ತದೆ’ ಎಂಬ ಮಾತು ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಆಲ್ಫಾ ಎಂದರೆ ಹಿಂಡಿನ ಯಜಮಾನ. ಈ ಕತೆ ಹುಟ್ಟಿದ್ದು 1940ರ ದಶಕದಲ್ಲಿ, ಪರಸ್ಪರ ಪರಿಚಯವಿಲ್ಲದ ತೋಳಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿ ನೋಡಿದ್ದರಿಂದ. ಕಾಡಿನ ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಆ ಪದವನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೆಕ್ ಅವರೇ 1999ರಲ್ಲಿ ಇದನ್ನು ತಿದ್ದಿ ಬರೆದರು. ಕಾಲು ಶತಮಾನ ಕಳೆದರೂ ನಮ್ಮ ಅಪಾರ್ಟ್‌ಮೆಂಟುಗಳಿಗೆ ಆ ಸುದ್ದಿ ಇನ್ನೂ ಬಂದು ಮುಟ್ಟಿಲ್ಲ.

ಸೆಷನ್ನಿನಲ್ಲಿ ನಡೆಯಬೇಕಾದ್ದು

ಶಿಕ್ಷೆಯಿಲ್ಲದೆ ಬಹುಮಾನ ಕೊಟ್ಟು ಕಲಿಸುವ ಪಾಸಿಟಿವ್ ಟ್ರೈನಿಂಗ್ ಎಂದರೆ ಮುದ್ದು ಮಾಡಿ ಬಿಸ್ಕತ್ತು ಹಾಕುವುದು ಎಂದು ಬಹಳ ಜನ ತಿಳಿದಿದ್ದಾರೆ. ಬೋರ್ಡಿನ ಮೇಲೆ ‘ಪಾಸಿಟಿವ್’ ಎಂದು ಬರೆಸಿಕೊಂಡ ಕೆಲವು ಟ್ರೈನರ್‌ಗಳೂ ಹಾಗೇ ತಿಳಿದಿದ್ದಾರೆ. ನಿಜಕ್ಕೂ ಇದು ಲೆಕ್ಕಾಚಾರದ ಕೆಲಸ, ತಬಲಾ ಕಲಿಯುವಷ್ಟೇ ಕೈ ಅಭ್ಯಾಸ ಬೇಕು.

ಮೊದಲ ಪಾಠ ಗುರುತಿನ ಸದ್ದು. ಕ್ಲಿಕ್ಕರ್ ಎಂಬ ಟಿಕ್-ಟಿಕ್ ಡಬ್ಬಿಯಾಗಬಹುದು, ಬಾಯಲ್ಲಿ ಹೇಳುವ ‘ಎಸ್’ ಆಗಬಹುದು. ಸದ್ದು ಮಾಡುವುದು, ತಕ್ಷಣ ತಿಂಡಿ ಕೊಡುವುದು, ಹೀಗೆ ಹತ್ತು-ಹದಿನೈದು ಸಲ ಮಾಡಿದರೆ ‘ಈ ಸದ್ದು ಬಂದರೆ ತಿಂಡಿ ಗ್ಯಾರಂಟಿ’ ಎಂದು ನಾಯಿಗೆ ಗೊತ್ತಾಗುತ್ತದೆ. ಆಮೇಲೆ ಆ ಸದ್ದು ಕ್ಯಾಮೆರಾದ ಬಟನ್ ಇದ್ದ ಹಾಗೆ: ನಾಯಿಯ ಕುಂಡಿ ನೆಲ ಮುಟ್ಟಿದ ಕ್ಷಣವನ್ನೇ ಹಿಡಿಯಬೇಕು. ಅರ್ಧ ಸೆಕೆಂಡ್ ತಡವಾದರೆ ನಾಯಿ ಏಳಲು ಹೊರಟಿರುತ್ತದೆ, ನೀವು ಹೊಗಳಿದ್ದು ಏಳುವುದನ್ನು. ‘ನಮ್ಮ ನಾಯಿ ಕೂತ ಹಾಗೆ ಮಾಡಿ ಎದ್ದುಬಿಡುತ್ತೆ’ ಎಂಬ ದೂರಿನ ಮೂಲ ಅನೇಕ ಸಲ ಇಲ್ಲೇ ಇರುತ್ತದೆ. ಒಳ್ಳೆಯ ಟ್ರೈನರ್ ನಾಯಿಯನ್ನು ಪಕ್ಕದ ರೂಮಿಗೆ ಕಳಿಸಿ, ಚೆಂಡನ್ನು ಮೇಲಕ್ಕೆಸೆದು, ಅದು ನೆಲ ಮುಟ್ಟಿದ ಕ್ಷಣದಲ್ಲಿ ಕ್ಲಿಕ್ ಮಾಡಿ ಎಂದು ಮೊದಲು ನಿಮಗೆ ಅಭ್ಯಾಸ ಮಾಡಿಸುತ್ತಾರೆ. ನಗಬೇಡಿ, ಹತ್ತು ಸಲದಲ್ಲಿ ನಾಲ್ಕು ತಪ್ಪುತ್ತದೆ.

ಎರಡನೆಯ ತಪ್ಪು ಕೈಯದು. ಕ್ಲಿಕ್ ಆಗುವ ಮೊದಲೇ ಕೈ ತಿಂಡಿ ಚೀಲದ ಕಡೆ ಹೋದರೆ ನಾಯಿ ಸದ್ದನ್ನು ಬಿಟ್ಟು ಕೈಯನ್ನು ನೋಡಲು ಕಲಿಯುತ್ತದೆ. ಕ್ಲಿಕ್ ಮೊದಲು, ಕೈ ಆಮೇಲೆ. ನಡುವೆ ಒಂದು ಉಸಿರಿನಷ್ಟು ಅಂತರ ಇರಲಿ.

ಮೂರನೆಯದು ಮಾತಿನದು. ‘ಸಿಟ್, ಸಿಟ್, ಏಯ್ ಸಿಟ್ಟೋ’ ಎಂದು ಮೂರು ಸಲ ಹೇಳಿದಾಗ ಕೂರುವ ನಾಯಿಯ ಪಾಲಿಗೆ ಮೂರನೇ ಸಿಟ್ಟೇ ಸಿಟ್. ಒಮ್ಮೆ ಹೇಳಿ, ಮೂರು ಸೆಕೆಂಡ್ ಕಾಯಿರಿ, ಆಗಲಿಲ್ಲವೆಂದರೆ ಪಾಠವನ್ನು ಸುಲಭ ಮಾಡಿ. ಕನ್ನಡದ ಮನೆಗಳಿಗೆ ಇನ್ನೊಂದು ಪೇಚು ಇದೆ. ‘ಬಾ’ ಎಂದು ನಾಯಿಗೆ ಹೇಳಿಕೊಟ್ಟಿರುತ್ತಾರೆ. ಆದರೆ ಮನೆಯಲ್ಲಿ ಮಗನಿಗೂ ಬಾ, ಊಟಕ್ಕೂ ಬಾ, ಫೋನಿನಲ್ಲೂ ಬಾ ಬಾ. ದಿನಕ್ಕೆ ಐವತ್ತು ಸಲ ಸುಮ್ಮನೆ ಕಿವಿಗೆ ಬೀಳುವ ಪದ ಸವೆದುಹೋಗುತ್ತದೆ. ಕರೆಯುವುದಕ್ಕೆ ಮನೆಮಾತಿನಲ್ಲಿ ಬಾರದ ಪದ, ಇಲ್ಲವೇ ಸೀಟಿ ಒಳ್ಳೆಯದು. ಅಜ್ಜಿ ‘ಕೂತ್ಕೊಳೋ’ ಎನ್ನುತ್ತಾರೆ, ಮೊಮ್ಮಗಳು ‘ಸಿಟ್ ಡೌನ್’ ಎನ್ನುತ್ತಾಳೆ, ಕೆಲಸದವರು ‘ಬೈಠ್’ ಎನ್ನುತ್ತಾರೆ. ಯಾವುದಾದರೂ ಸರಿ, ಒಂದನ್ನು ಆರಿಸಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸುವುದನ್ನು ಟ್ರೈನರ್ ಮೊದಲ ವಾರವೇ ಮಾಡಿಸಬೇಕು.

ಪಾಠ ಕಷ್ಟ ಮಾಡುವುದು ಯಾವಾಗ? ಐದೈದರ ಲೆಕ್ಕ ಇಟ್ಟುಕೊಂಡರೆ ಗೊಂದಲವಿಲ್ಲ. ಐದು ತುಣುಕು ಎಣಿಸಿಕೊಂಡು ಐದು ಸಲ ಕೇಳಿ. ಐದಕ್ಕೆ ನಾಲ್ಕೋ ಐದೋ ಸರಿಯಾದರೆ ಮುಂದಿನ ಹಂತ. ಮೂರಾದರೆ ಅಲ್ಲೇ ಇನ್ನೊಂದು ಸುತ್ತು. ಎರಡೋ ಒಂದೋ ಆದರೆ ಹಿಂದಕ್ಕೆ. ಮತ್ತೆ ದೂರ, ಹೊತ್ತು, ಗದ್ದಲ ಈ ಮೂರನ್ನೂ ಒಟ್ಟಿಗೆ ಏರಿಸಬಾರದು. ಹಾಲ್‌ನಲ್ಲಿ ಹತ್ತು ಸೆಕೆಂಡ್ ಕೂರಲು ಕಲಿತ ನಾಯಿಯನ್ನು ಗೇಟಿನ ಹತ್ತಿರ ಒಯ್ದರೆ ಮತ್ತೆ ಒಂದು ಸೆಕೆಂಡಿನಿಂದ ಶುರು. ಈ ಲೆಕ್ಕವನ್ನು ಕಾಗದದ ಮೇಲೆ ಗೀಚಿ ತೋರಿಸದ ಟ್ರೈನರ್ ಅಂದಾಜಿನ ಮೇಲೆ ನಡೆಸುತ್ತಿದ್ದಾರೆ ಎಂದರ್ಥ.

ಒಂದು ಸುತ್ತಿಗೆ ಮೂರರಿಂದ ಐದು ನಿಮಿಷ, ದಿನಕ್ಕೆ ಮೂರು ಸಲ ಸಾಕು. ಮನೆಗೆ ಬಂದ ಟ್ರೈನರ್ ಒಂದು ಗಂಟೆ ನಾಯಿಯನ್ನು ಬಿಡದೆ ದುಡಿಸಿದರೆ ಅದು ಶ್ರದ್ಧೆಯೇನಲ್ಲ. ಒಂದು ಗಂಟೆಯಲ್ಲಿ ನಾಯಿ ಕೆಲಸ ಮಾಡುವುದು ಹದಿನೈದು-ಇಪ್ಪತ್ತು ನಿಮಿಷ. ಉಳಿದದ್ದು ನಿಮ್ಮ ಪಾಠ.

ತಿಂಡಿಯ ಲೆಕ್ಕ

ಇದನ್ನು ಬಿಡಿಸಿ ಹೇಳದ ಟ್ರೈನರ್‌ಗಳೇ ಹೆಚ್ಚು. ಆಮೇಲೆ ಎರಡು ತಿಂಗಳಲ್ಲಿ ಲ್ಯಾಬ್ರಡಾರ್ ಗುಡಾಣವಾಗುತ್ತದೆ.

ತುಣುಕು ಅವರೆಕಾಳಿಗಿಂತ ದೊಡ್ಡದಿರಬಾರದು; ಸಣ್ಣ ನಾಯಿಗೆ ಹೆಸರುಕಾಳಿನಷ್ಟಾದರೂ ನಡೆಯುತ್ತದೆ. ಹೊಸ ಪಾಠದಲ್ಲಿ ನಿಮಿಷಕ್ಕೆ ಹತ್ತಾದರೂ ತುಣುಕು ಹೋಗಬೇಕು, ಎರಡೋ ಮೂರೋ ಹೋದರೆ ನಾಯಿ ಕಿಟಕಿ ಕಡೆ ಹೊರಟಿತು. ತುಣುಕೊಂದು ಅರ್ಧ ಗ್ರಾಂ ಎಂದರೂ ಐದು ನಿಮಿಷಕ್ಕೆ ಐವತ್ತು ತುಣುಕು, ಇಪ್ಪತ್ತೈದು ಗ್ರಾಂ. ದಿನಕ್ಕೆ ಮೂರು ಸುತ್ತೆಂದರೆ 75 ಗ್ರಾಂ ಬೇಯಿಸಿದ ಚಿಕನ್, ಸುಮಾರು 120 ಕ್ಯಾಲೊರಿ. ಹತ್ತು ಕೆಜಿಯ ಸಾಮಾನ್ಯ ನಾಯಿಗೆ ದಿನಕ್ಕೆ ಬೇಕಾದ್ದೇ 600ರಿಂದ 650. ಅಂದರೆ ಐದರಲ್ಲೊಂದು ಪಾಲು ತಿಂಡಿಯಲ್ಲೇ ಹೋಯಿತು. ಅಷ್ಟನ್ನು ರಾತ್ರಿಯ ಊಟದಿಂದ ಕಳೆಯಲೇಬೇಕು. ಮನೆಯೊಳಗಿನ ಸುಲಭದ ಪಾಠಕ್ಕೆ ಊಟದ ಕಾಳನ್ನೇ ಬಳಸಿ, ಚಿಕನ್ನನ್ನು ಬೀದಿಗೆ ಉಳಿಸಿಕೊಂಡರೆ ಇನ್ನೂ ಚೆನ್ನ.

ಮಾಂಸ ತರದ ಮನೆಗಳಲ್ಲಿ ಪನೀರ್, ಬೇಯಿಸಿದ ಗೆಣಸು, ಸೌತೆಕಾಯಿ ಚೂರು ಸಾಕಾಗುತ್ತದೆ. ಗೆಣಸು ಕೈಗೆ ಅಂಟುವುದರಿಂದ ಬೇಯಿಸಿ ಆರಿಸಿ ಹೆಚ್ಚಬೇಕು. ಗ್ಲೂಕೋಸ್ ಬಿಸ್ಕತ್ತು ಬೇಡ. ಸಕ್ಕರೆಯ ಮಾತು ಹಾಗಿರಲಿ, ಅದು ಪುಡಿಯಾಗಿ ನೆಲಕ್ಕೆ ಉದುರುತ್ತದೆ, ನಾಯಿ ಪಾಠ ಬಿಟ್ಟು ನೆಲ ನೆಕ್ಕುತ್ತದೆ. ಅಂಗಡಿಯ ಒಣಮಾಂಸದ ಕಡ್ಡಿಯೂ ಪಾಠಕ್ಕೆ ಬಾರದು, ಜಗಿದು ಮುಗಿಸುವಷ್ಟರಲ್ಲಿ ಏನು ಮಾಡಿದ್ದಕ್ಕೆ ಸಿಕ್ಕಿತು ಎನ್ನುವುದೇ ಮರೆತಿರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಸೇರಿದ ಯಾವುದನ್ನೂ ಕೊಡಬಾರದು. ಪೀನಟ್ ಬಟರ್ ಕೊಡುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದೆಯೇ ಎಂದು ಓದಿ ಕೊಡಿ, ಅದು ನಾಯಿಗೆ ವಿಷ.

‘ತಿಂಡಿ ಕಂಡರೆ ಮಾತ್ರ ಮಾತು ಕೇಳುತ್ತೆ’ ಎಂಬುದು ಈ ಪದ್ಧತಿಯ ಮೇಲಿನ ದೊಡ್ಡ ದೂರು. ದೂರು ನಿಜ, ತಪ್ಪು ಮಾತ್ರ ಕಲಿಸಿದವರದು. ಕೈಯಲ್ಲಿ ತುಣುಕು ಹಿಡಿದು ಮೂಗಿನ ಮುಂದೆ ಆಡಿಸಿ ಕೂರಿಸುವುದು ಮೊದಲ ಐದಾರು ಸಲಕ್ಕೆ ಮಾತ್ರ. ಏಳನೆಯ ಸಲ ಅದೇ ಕೈಸನ್ನೆ, ಖಾಲಿ ಕೈ. ಕೂತ ಮೇಲೆ ಚೀಲದಿಂದ ತಿಂಡಿ. ಎರಡನೇ ಸೆಷನ್ನಿನಲ್ಲೂ ಟ್ರೈನರ್ ತುಣುಕು ತೋರಿಸಿಯೇ ಕೂರಿಸುತ್ತಿದ್ದರೆ ಅದು ಲಂಚವೇ, ಆ ಮಾತು ಅವರಿಗೆ ಒಪ್ಪುತ್ತದೆ.

ಲಿಫ್ಟು, ಗೇಟು, ಬೀದಿನಾಯಿ

ಪ್ಯಾಕೇಜಿನ ನಿಜವಾದ ಬೆಲೆ ತೀರ್ಮಾನವಾಗುವುದು ಮನೆಯ ಬಾಗಿಲ ಹೊರಗೆ. ಹಾಲ್‌ನಲ್ಲಿ ಶೇಕ್‌ಹ್ಯಾಂಡ್ ಕೊಡಿಸುವುದು ನೆಂಟರಿಗೆ ತೋರಿಸಲು ಚೆಂದ, ಯೂಟ್ಯೂಬ್ ನೋಡಿಕೊಂಡೂ ಕಲಿಸಬಹುದು. ಟ್ರೈನರ್ ಬೇಕಾಗುವುದು ಲೀಶ್ ಎಳೆಯುವ ನಾಯಿಯನ್ನು ಮೂರನೇ ಮಹಡಿಯಿಂದ ಬೀದಿಯವರೆಗೆ ತರುವುದಕ್ಕೆ.

ಇದನ್ನು ತುಂಡು ಮಾಡಿ ಕಲಿಸಬೇಕು. ಮೊದಲು ಹಾಲ್‌ನಲ್ಲೇ ಲೀಶ್ ಹಾಕಿ ಹತ್ತು ಹೆಜ್ಜೆ, ತಿಂಡಿ ಯಾವಾಗಲೂ ನಿಮ್ಮ ಪ್ಯಾಂಟಿನ ಹೊಲಿಗೆಯ ಪಕ್ಕ, ನಾಯಿಯ ಬಾಯಿಯ ಎತ್ತರಕ್ಕೆ. ತಿಂಡಿ ಮುಂದೆ ಹೋಗಿ ಕೊಟ್ಟರೆ ನಾಯಿಯೂ ಮುಂದೆಯೇ ನಡೆಯುತ್ತದೆ. ಎಲ್ಲಿ ಕೊಡುತ್ತೀರೋ ಅಲ್ಲೇ ಅದರ ಜಾಗ. ಆಮೇಲೆ ಕಾರಿಡಾರ್. ಆಮೇಲೆ ಲಿಫ್ಟಿನ ಬಾಗಿಲ ಮುಂದೆ ನಿಂತು, ಒಳಗೆ ಹೋಗದೆ, ಬಾಗಿಲು ತೆರೆದು ಮುಚ್ಚುವುದನ್ನು ನೋಡುತ್ತ ಹತ್ತು ತುಣುಕು. ಆಮೇಲೆ ಒಳಗೆ ಒಂದು ಮಹಡಿ ಮಾತ್ರ, ಮೂಲೆಯಲ್ಲಿ ನಾಯಿ, ನಡುವೆ ನೀವು. ಲಿಫ್ಟಿನ ಇಕ್ಕಟ್ಟಿನಲ್ಲಿ ಅಪರಿಚಿತರು ಮೇಲೆ ಬಾಗಿದಾಗಲೇ ಕಚ್ಚುವ ಪ್ರಸಂಗಗಳು ಆಗುವುದು. ‘ನಾವು ಮುಂದಿನ ಲಿಫ್ಟಿಗೆ ಬರುತ್ತೇವೆ’ ಎಂದು ಹೇಳಲು ಕಲಿಸುವುದೂ ಟ್ರೈನಿಂಗೇ.

ಬೀದಿಯಲ್ಲಿ ಎಳೆದರೆ ನಿಂತುಬಿಡಿ, ಲೀಶ್ ಸಡಿಲವಾದ ಕೂಡಲೇ ನಡೆಯಿರಿ ಎನ್ನುತ್ತಾರೆ. ಕೆಲಸ ಮಾಡುತ್ತದೆ, ಆದರೆ ಒಂದು ಷರತ್ತು. ಬೆಳಿಗ್ಗೆ ನೀವು ನಿಲ್ಲುತ್ತೀರಿ. ಸಂಜೆ ವಾಕಿಂಗ್‌ಗೆ ಕರೆದೊಯ್ಯುವ ಹುಡುಗ ಫೋನಿನಲ್ಲಿ ಮಾತಾಡುತ್ತ ಎಳೆದ ಕಡೆಗೆಲ್ಲ ಹೋಗುತ್ತಾನೆ. ಆಗ ಎಳೆಯುವುದು ಜೂಜಿನ ಹಾಗೆ ಒಮ್ಮೊಮ್ಮೆ ಗೆಲ್ಲುವ ಆಟವಾಗಿ ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ವಾಕಿಂಗ್ ಹುಡುಗ, ಮನೆಗೆಲಸದವರು, ಸಾಧ್ಯವಾದರೆ ವಾಚ್‌ಮನ್ನೂ ಒಂದು ಸೆಷನ್ನಿನಲ್ಲಿ ಇರಬೇಕು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬಲ್ಲ ಟ್ರೈನರ್ ಬೇಕು. ಇಂಗ್ಲಿಷಿನಲ್ಲಿ ಮಾತ್ರ ಪಾಠ ಒಪ್ಪಿಸಿ ಹೋದರೆ, ದಿನಕ್ಕೆ ಎರಡು ಗಂಟೆ ನಾಯಿಯ ಜೊತೆಗಿರುವವರಿಗೆ ಏನೂ ತಲುಪುವುದಿಲ್ಲ.

ಬೀದಿನಾಯಿಗಳ ವಿಷಯಕ್ಕೆ ವಿದೇಶಿ ವಿಡಿಯೊಗಳಲ್ಲಿ ಉತ್ತರ ಸಿಗದು. ಇಲ್ಲಿ ಪ್ರತಿ ತಿರುವಿಗೂ ಒಂದು ಗುಂಪು, ಅದಕ್ಕೊಂದು ಗಡಿ. ಒಳ್ಳೆಯ ಟ್ರೈನರ್ ಮೊದಲು ನಿಮ್ಮ ಜೊತೆ ನಾಯಿಯಿಲ್ಲದೆ ಒಂದು ಸುತ್ತು ಹಾಕಿ, ಯಾವ ಗುಂಪು ಎಲ್ಲಿ ಮಲಗುತ್ತದೆ, ಯಾವ ಬೀದಿ ಖಾಲಿ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ಕಲಿಸಬೇಕಾದ್ದು ಎರಡು. ಒಂದು, ‘ತಿರುಗು’ ಎಂದ ಕೂಡಲೇ ನಾಯಿ ನಿಮ್ಮ ಜೊತೆ ಹಿಂದಕ್ಕೆ ತಿರುಗಿ ಓಡಿಬರುವುದು. ಇದನ್ನು ಖಾಲಿ ಜಾಗದಲ್ಲಿ ನೂರು ಸಲವಾದರೂ ಆಟದ ಹಾಗೆ ಆಡಿಸಿ ಆಮೇಲೆ ಬೀದಿಗೆ ತರಬೇಕು. ಎರಡು, ನಿಂತ ಕಾರನ್ನು ಮರೆ ಮಾಡಿಕೊಂಡು ನೆಲಕ್ಕೆ ಒಂದು ಹಿಡಿ ತುಣುಕು ಚೆಲ್ಲಿ ಮೂಸಿ ಹುಡುಕಲು ಬಿಡುವುದು.

ಬೇರೆ ನಾಯಿ ಕಂಡರೆ ಹಾರಿ ಬೊಗಳುವ ನಾಯಿಗೆ ಕೆಲಸ ದೂರದಿಂದ ಶುರುವಾಗಬೇಕು. ಎದುರಿನ ನಾಯಿಯನ್ನು ನೋಡಿಯೂ ತಿಂಡಿ ತಿನ್ನಬಲ್ಲಷ್ಟು ದೂರ, ಅದು ಮೂವತ್ತು ಅಡಿಯಿರಲಿ ಇನ್ನೂರು ಅಡಿಯಿರಲಿ. ನಾಯಿ ಕಂಡಿತು, ತಿಂಡಿ ಬಂತು. ನಾಯಿ ಮರೆಯಾಯಿತು, ತಿಂಡಿ ನಿಂತಿತು. ವಾರಗಟ್ಟಲೆ ಇದನ್ನೇ ಮಾಡಿ ದೂರವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುವುದು. ತಿಂಡಿ ಮೂಸಿಯೂ ನೋಡುತ್ತಿಲ್ಲ ಎಂದರೆ ಹಟ ಎಂದುಕೊಳ್ಳಬೇಡಿ, ತುಂಬ ಹತ್ತಿರ ಬಂದಿದ್ದೀರಿ ಎಂದರ್ಥ. ಇದೇ ಕ್ಷಣದಲ್ಲಿ ಕತ್ತು ಬಿಗಿಯುವ ಚೋಕ್ ಚೈನ್ ಜಗ್ಗಿದರೆ ಬೊಗಳುವುದು ನಿಲ್ಲಬಹುದು. ನಾಯಿ ಮಾತ್ರ ‘ಇನ್ನೊಂದು ನಾಯಿ ಕಂಡಾಗಲೆಲ್ಲ ಕತ್ತು ನೋಯುತ್ತದೆ’ ಎಂಬ ಪಾಠ ಕಲಿತಿರುತ್ತದೆ. ಗುರ್ ಎನ್ನುವುದಕ್ಕೆ ಹೊಡೆದರೂ ಅಷ್ಟೇ. ಎಚ್ಚರಿಕೆಯ ಗಂಟೆಯನ್ನು ಬಿಚ್ಚಿಹಾಕಿದ ಮೇಲೆ ಉಳಿಯುವುದು ಸದ್ದಿಲ್ಲದೆ ಬರುವ ಕಡಿತ.

ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಜಗ್ಗುವ, ಗದರುವ, ಶಾಕ್ ಕೊಡುವ ಪದ್ಧತಿಯಲ್ಲಿ ಕಲಿತ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ, ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಅಂಶವೂ ಹೆಚ್ಚಿದ್ದವು. ಮರುವರ್ಷ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ ಎಲ್ಲ ನಾಯಿಗಳಿಗೂ, ಕಚ್ಚುವ ನಾಯಿಗಳಿಗೂ ಸೇರಿ, ಬಹುಮಾನದ ಪದ್ಧತಿಯನ್ನೇ ಶಿಫಾರಸು ಮಾಡಿತು. ವೇಲ್ಸ್‌ನಲ್ಲಿ ಶಾಕ್ ಬೆಲ್ಟ್ 2010ರಿಂದಲೇ ನಿಷಿದ್ಧ. ‘ನಾವು ಬ್ಯಾಲೆನ್ಸ್ಡ್ ಟ್ರೈನರ್’ ಎನ್ನುವವರ ಚೀಲದಲ್ಲಿ ಏನಿದೆ ಎಂದು ಕೇಳಿ ನೋಡಿ. ಸಾಮಾನ್ಯವಾಗಿ ತಿಂಡಿಯ ಜೊತೆಗೆ ಮುಳ್ಳಿನ ಬೆಲ್ಟೂ ಇರುತ್ತದೆ.

ಮುಧೋಳ ಸಾಕಿರುವವರಿಗೆ ಒಂದು ಮಾತು. ಕಣ್ಣಿನಿಂದ ಬೇಟೆ ಹಿಡಿಯುವ ತಳಿ ಅದು, ದೂರದಲ್ಲಿ ಬೆಕ್ಕು ಓಡಿದರೆ ನಿಮ್ಮ ಕೂಗು ಕಿವಿಗೆ ಬೀಳುವ ಮೊದಲೇ ಅದು ಅರ್ಧ ಬೀದಿ ದಾಟಿರುತ್ತದೆ. ಬೇಲಿಯಿಲ್ಲದ ಜಾಗದಲ್ಲಿ ಬಿಟ್ಟು ಕರೆಯುವ ಅಭ್ಯಾಸ ಮಾಡಿಸುವ ಟ್ರೈನರ್‌ಗೆ ಈ ತಳಿ ಗೊತ್ತಿಲ್ಲ. ಹತ್ತು ಮೀಟರ್ ಉದ್ದದ ಹಗ್ಗ, ಅದೂ ಎದೆಗೆ ತೊಡಿಸುವ ಹಾರ್ನೆಸ್‌ಗೆ ಕಟ್ಟಿ. ಬೆಲ್ಟಿಗೆ ಕಟ್ಟಿದರೆ ಓಟದ ತುದಿಯಲ್ಲಿ ಕತ್ತು ಉಳುಕುತ್ತದೆ. ತಲೆ ಕಿರಿದು, ಕತ್ತು ಅಷ್ಟೇ ದಪ್ಪ, ಮಾಮೂಲಿ ಬೆಲ್ಟ್ ಹಿಂದಕ್ಕೆಳೆದರೆ ಸರಕ್ಕನೆ ಕಳಚುತ್ತದೆ. ಎಳೆದಾಗ ತುಸುವೇ ಬಿಗಿಯಾಗುವ, ಅಗಲ ಪಟ್ಟಿಯ ಮಾರ್ಟಿಂಗೇಲ್ ಬೆಲ್ಟ್ ಇದಕ್ಕೇ ಇರುವುದು. ದನಿ ಏರಿಸಿದರೆ ಮುದುಡಿಕೊಳ್ಳುವ ಸ್ವಭಾವವೂ ಇದಕ್ಕುಂಟು, ಗದರುವ ಟ್ರೈನರ್ ಕೈಗಂತೂ ಕೊಡಬೇಡಿ.

ಎಲ್ಲಿ ಕೆಡುತ್ತದೆ

ಈ ಸೇವೆಯ ದೋಷಗಳೂ ಕಡಿಮೆಯೇನಿಲ್ಲ. ಮೊದಲನೆಯದು ಟ್ರಾಫಿಕ್. ಸಂಜೆ ಆರರ ಸೆಷನ್ನಿಗೆ ಟ್ರೈನರ್ ಆರೂಮುಕ್ಕಾಲಿಗೆ ಬಂದು ಏಳಕ್ಕೆ ಮುಂದಿನ ಮನೆಗೆ ಹೊರಟರೆ ಪ್ಯಾಕೇಜಿನ ಎಂಟು ಗಂಟೆಯಲ್ಲಿ ಎಷ್ಟು ಸಿಕ್ಕಿತೆಂದು ನೀವೇ ಗುಣಿಸಿ. ಬೆಳಗಿನ ಏಳರ ಹೊತ್ತು ಕೇಳಿ. ನಾಯಿಗೂ ಆಗ ಹಸಿವು, ರಸ್ತೆಗೂ ಕಾವಿಲ್ಲ.

ಎರಡನೆಯದು ಆತುರದ ವೇಳಾಪಟ್ಟಿ. ವಾರಕ್ಕೆ ಮೂರರಂತೆ ಮೂರೇ ವಾರದಲ್ಲಿ ಎಂಟೂ ಸೆಷನ್ ಮುಗಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಮೊದಲ ನಾಲ್ಕು ವಾರಕ್ಕೊಂದು, ಮುಂದಿನ ಎರಡು ಹದಿನೈದು ದಿನಕ್ಕೊಂದು, ಕೊನೆಯ ಎರಡು ತಿಂಗಳ ಅಂತರದಲ್ಲಿ ಎಂದು ಕೇಳಿ ಬರೆಸಿಕೊಳ್ಳಿ. ಕಾರಣ ಇದೆ. ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಹರೆಯದ ನಾಯಿ ಕಲಿತದ್ದನ್ನೆಲ್ಲ ಮರೆತ ಹಾಗೆ ಆಡುವ ಕಾಲವೊಂದು ಬಂದೇ ಬರುತ್ತದೆ. ಆಗ ಟ್ರೈನರ್ ಇರಬೇಕು.

ಮೂರನೆಯದನ್ನು ಟ್ರೈನರ್ ಮೊದಲೇ ಹೇಳಿ ಎಚ್ಚರಿಸಿರಬೇಕು: ಗುಣವಾಗುವ ಮೊದಲು ಒಮ್ಮೆ ಉಲ್ಬಣಿಸುತ್ತದೆ. ಬಂದವರ ಮೇಲೆ ಹಾರುವ ನಾಯಿಯನ್ನು ಯಾರೂ ಮಾತಾಡಿಸದಿದ್ದರೆ ಮೊದಲ ಕೆಲವು ದಿನ ಅದು ಇನ್ನೂ ಜೋರಾಗಿ ಹಾರುತ್ತದೆ, ಇಷ್ಟು ದಿನ ಕೆಲಸ ಮಾಡಿದ ಉಪಾಯ ಏಕೆ ಕೈಕೊಟ್ಟಿತೆಂದು ನೋಡಲು. ಬಹಳ ಮನೆಯವರು ಸೋಲುವುದು ಆಗಲೇ. ಹತ್ತು ಸಲ ಬೊಗಳಿದ ಮೇಲೆ ಬಾಗಿಲು ತೆರೆದರೆ, ಹತ್ತು ಸಲ ಬೊಗಳಬೇಕು ಎಂದು ಕಲಿಸಿದಂತೆ. ಜೊತೆಗೆ ಬದಲಿ ಕೆಲಸವೂ ಬೇಕು. ಬೆಲ್ ಹೊಡೆದರೆ ಚಾಪೆಗೆ ಹೋಗು ಎಂಬ ಪಾಠ ಇದ್ದರೆ, ಹಾರಬೇಡ ಎನ್ನುವ ಪ್ರಸಂಗವೇ ಬರುವುದಿಲ್ಲ.

ಮನೆಯೊಳಗೆ ಉಚ್ಚೆ ಮಾಡುವ ಮರಿಗೆಂದು ಟ್ರೈನರ್ ಕರೆಸುವುದು ದುಂದು. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ, ಉಳಿದಂತೆ ಎರಡು ಗಂಟೆಗೊಮ್ಮೆ ಅದೇ ಜಾಗಕ್ಕೆ ಒಯ್ಯಿರಿ. ಮಾಡಿದ ಮರುಕ್ಷಣ ಅಲ್ಲೇ ತಿಂಡಿ, ಮನೆಗೆ ಬಂದ ಮೇಲಲ್ಲ. ತಪ್ಪಿದ ಜಾಗವನ್ನು ಫಿನಾಯಿಲ್ ಬದಲು ಎನ್‌ಜೈಮ್ ಇರುವ ಕ್ಲೀನರ್‌ನಿಂದ ಒರೆಸಿ. ಫಿನಾಯಿಲ್ ವಾಸನೆ ನಮ್ಮ ಮೂಗಿಗೆ ಮುಚ್ಚುವುದನ್ನು ಅದರ ಮೂಗಿಗೆ ಮುಚ್ಚುವುದಿಲ್ಲ. ಅದರಲ್ಲೇ ಮೂತಿ ತಿಕ್ಕಿದರೆ ಮರಿ ಸೋಫಾ ಹಿಂದೆ ಹೋಗಿ ಮಾಡಲು ಕಲಿಯುತ್ತದೆ, ಅಷ್ಟೇ.

ಹಾಸ್ಟೆಲ್ ಟ್ರೈನಿಂಗ್

ಚುಟುಕಾಗಿ ಹೇಳುವುದಾದರೆ, ಬೇಡ. ನಾಯಿ ಕಲಿತದ್ದು ಆ ಜಾಗಕ್ಕೆ, ಆ ಮನುಷ್ಯನಿಗೆ ಅಂಟಿಕೊಂಡಿರುತ್ತದೆ. ಮನೆಗೆ ಬಂದ ಮೂರನೇ ವಾರಕ್ಕೆ ಹಳೇ ಗೇಟು, ಹಳೇ ಬೊಗಳು. ಮೂರು ತಿಂಗಳೊಳಗಿನ ಮರಿಯನ್ನಂತೂ ಕಳಿಸಲೇಬಾರದು; ಮೂರನೇ ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕನೇ ವಾರದವರೆಗೆ ನೋಡಿದ, ಕೇಳಿದ, ಮೂಸಿದ ವಸ್ತುಗಳ ಮೇಲೆ ಅದರ ಮುಂದಿನ ಧೈರ್ಯ ನಿಂತಿರುತ್ತದೆ. ಕುಕ್ಕರ್ ಸೀಟಿ, ಮಕ್ಕಳು, ಆಟೋ, ಛತ್ರಿ ಎಲ್ಲ ನಿಮ್ಮ ಮನೆಯಲ್ಲಿವೆ, ಕೆನಲ್ಲಿನಲ್ಲಿಲ್ಲ.

ಊರಿಗೆ ಹೋಗಲೇಬೇಕಾಗಿ ಬೇರೆ ದಾರಿಯಿಲ್ಲದೆ ಬಿಡುವವರು ಅವರು ಕಳಿಸುವ ವಿಡಿಯೊವನ್ನು ಸದ್ದು ಮುಚ್ಚಿ ನೋಡಿ. ಹಾಡು ಹಾಕಿರುತ್ತಾರೆ, ಅದರ ಗುಂಗಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಸದ್ದಿಲ್ಲದೆ ನೋಡಿದಾಗ ಕಾಣಬೇಕಾದ್ದು: ಬಾಲ ಒಳಗಿದೆಯೇ, ಕಿವಿ ಹಿಂದಕ್ಕೆ ಅಂಟಿದೆಯೇ, ಪದೇಪದೇ ತುಟಿ ನೆಕ್ಕಿ ಆಕಳಿಸುತ್ತಿದೆಯೇ, ಕಣ್ಣಿನ ಬಿಳಿ ಓರೆಯಾಗಿ ಕಾಣುತ್ತಿದೆಯೇ, ಲೀಶ್ ಹಿಡಿದ ಕೈ ಚಿಕ್ಕದಾಗಿ ಜಗ್ಗುತ್ತಿದೆಯೇ. ಬಹಳ ಶಿಸ್ತಾಗಿ, ಅಲುಗಾಡದೆ ಕೂತ ನಾಯಿ ಕೆಲವೊಮ್ಮೆ ಏನು ಮಾಡಿದರೂ ನೋವು ತಪ್ಪದೆಂದು ಕೈಚೆಲ್ಲಿದ ನಾಯಿ.

ಸಾಮಾನು, ಫೀಸು

ಕ್ಲಿಕ್ಕರ್ ನೂರಿನ್ನೂರು ರೂಪಾಯಿ, ಸಾಕಷ್ಟಾಯಿತು. ತಿಂಡಿ ಚೀಲ ಸೊಂಟಕ್ಕೆ ಕಟ್ಟುವಂಥದು, ಒಂದೇ ಕೈಯಲ್ಲಿ ತೆರೆಯುವಂತಿರಬೇಕು. ಜಿಪ್ ಇರುವುದು ಬೇಡ, ತೆರೆಯುವಷ್ಟರಲ್ಲಿ ಕ್ಷಣ ಜಾರಿರುತ್ತದೆ. ಲೀಶ್ ಎರಡು ಮೀಟರ್, ನೈಲಾನ್ ಅಥವಾ ಹತ್ತಿ. ಎಳೆದಷ್ಟೂ ಉದ್ದವಾಗಿ, ಗುಂಡಿ ಒತ್ತಿದರೆ ನಿಲ್ಲುವ ಲೀಶ್ ಪಾಠಕ್ಕೆ ವಿರುದ್ಧ, ಎಳೆದರೆ ಹಗ್ಗ ಬರುತ್ತದೆ ಎಂದೇ ಅದು ಕಲಿಸುತ್ತದೆ. ಹಾರ್ನೆಸ್ ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಬರಲಿ. ಅಡ್ಡಪಟ್ಟಿ ಬರುವುದು ಭುಜದ ಓಡಾಟಕ್ಕೆ ತಡೆ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮರಿಯಾದರೆ ವಾರಕ್ಕೊಮ್ಮೆ ಅಳತೆ ನೋಡಿ. ಪಗ್, ಪೊಮೆರೇನಿಯನ್‌ಗಳಿಗೆ ಕತ್ತಿನ ಬೆಲ್ಟಿನಿಂದ ಎಳೆತವೇ ಬೇಡ, ಉಸಿರ್ನಾಳ ಸೂಕ್ಷ್ಮ.

ಕಚ್ಚದಂತೆ ಬಾಯಿಗೆ ಹಾಕುವ ಮಝಲ್‌ಗಳಲ್ಲಿ ಅಂಗಡಿಯವರು ಮೊದಲು ತೋರಿಸುವುದು ಬಿಗಿಯಾದ ನೈಲಾನ್ ಪಟ್ಟಿ. ಅದನ್ನು ಹಾಕಿದ ನಾಯಿ ಬಾಯಿ ತೆರೆದು ತೇಕಲಾರದು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದು ಜೀವಕ್ಕೇ ಸಂಚಕಾರ. ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂಥದ್ದು ಬೇಕು: ಒಳಗೆ ಬಾಯಿ ತೆರೆಯಬೇಕು, ನೀರು ಕುಡಿಯಬೇಕು, ಕಂಡಿಯಿಂದ ತುಣುಕು ಹೋಗಬೇಕು. ಹಾಕುವುದನ್ನೂ ಎರಡು ವಾರ ತಿಂಡಿ ಇಟ್ಟು ಅಭ್ಯಾಸ ಮಾಡಿಸಬೇಕು, ಇಂಜೆಕ್ಷನ್ ದಿನ ಥಟ್ಟನೆ ತೊಡಿಸಿದರೆ ಜನ್ಮಕ್ಕೆ ಹಗೆ.

ಡಾಗ್ ಟ್ರೈನರ್ ಎಂದು ಬೋರ್ಡ್ ಹಾಕಿಕೊಳ್ಳಲು ನಮ್ಮಲ್ಲಿ ಕಡ್ಡಾಯ ಪರೀಕ್ಷೆಯಿಲ್ಲ. ಸಿಪಿಡಿಟಿ-ಕೆಎ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರಕ್ಕೆ ಕಳೆದ ಮೂರು ವರ್ಷದಲ್ಲಿ 300 ಗಂಟೆ ಕಲಿಸಿದ ಅನುಭವ ಬೇಕು, ಪರೀಕ್ಷೆಯೂ ಉಂಟು. ಇದ್ದರೆ ಒಳ್ಳೆಯದು. ಪೊಲೀಸ್ ಡಾಗ್ ಸ್ಕ್ವಾಡ್‌ನಲ್ಲಿದ್ದೆವು ಎನ್ನುವವರ ಅನುಭವಕ್ಕೆ ಗೌರವ ಇರಲಿ, ಆದರೆ ಆಯ್ದು ತಂದ ಕೆಲಸದ ನಾಯಿಗೂ ಪಟಾಕಿಗೆ ಮಂಚದ ಕೆಳಗೆ ನುಸುಳುವ ಮನೆನಾಯಿಗೂ ಬೇಕಾದ ವಿದ್ಯೆ ಬೇರೆ. ಪಟಾಕಿಯ ಅಂಜಿಕೆಗೆ ಕೇಳಿದೊಡನೆ ‘ದೀಪಾವಳಿಗೆ ಎರಡು ತಿಂಗಳ ಮೊದಲೇ ಬನ್ನಿ, ಕೇಳಿಯೂ ಕೇಳದಷ್ಟು ಸಣ್ಣ ಸದ್ದಿನಿಂದ ಶುರು ಮಾಡಬೇಕು’ ಎನ್ನುವವರು ವಿಷಯ ಬಲ್ಲವರು.

ಗ್ಯಾರಂಟಿ ಕೊಡುವವರಿಗೆ ಮುಂಗಡ ಕೊಡಬೇಡಿ. ಎಂಟರ ದುಡ್ಡನ್ನು ಒಟ್ಟಿಗೆ ಕಟ್ಟುವ ಬದಲು ಎರಡು ಸೆಷನ್ನಿಗೆ ಕೊಟ್ಟು ನೋಡಿ. ಸೆಷನ್ನುಗಳ ನಡುವೆ ನೀವು ಕಳಿಸುವ ಎರಡು ನಿಮಿಷದ ವಾಟ್ಸಾಪ್ ವಿಡಿಯೊ ನೋಡಿ ‘ನಿಮ್ಮ ಕೈ ಬೇಗ ಹೋಗುತ್ತಿದೆ’ ಎಂದು ತಿದ್ದುತ್ತಾರೆಯೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಸೇವೆಯ ಅರ್ಧ ಬೆಲೆ ಅದರಲ್ಲೇ ಇದೆ.

ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೆ ಊರಲ್ಲೇ ಪಶುವೈದ್ಯ ಕಾಲೇಜು ಇದೆ, ನೋವು-ಕಾಯಿಲೆಯ ತಪಾಸಣೆಗೆ ಕೊರತೆಯಿಲ್ಲ. ಟ್ರೈನರ್ ಸಿಗದ ಕಡೆ ವಿಡಿಯೊ ಕಾಲ್ ಚೆನ್ನಾಗಿಯೇ ನಡೆಯುತ್ತದೆ. ಅಲ್ಲಿ ಲೀಶ್ ನಿಮ್ಮ ಕೈಯಲ್ಲೇ ಇರಬೇಕಾಗುವುದರಿಂದ ಕೆಲವು ಸಲ ಮನೆಗೆ ಬರುವವರಿಗಿಂತ ವಾಸಿ. ಚರ್ಮ ಹರಿಯುವಂತೆ ಕಚ್ಚಿದ ನಾಯಿಗೆ ಮಾತ್ರ ಇದು ಸಾಲದು. ಫೋನನ್ನು ಸೊಂಟದೆತ್ತರಕ್ಕೆ, ನಾಯಿಯ ನಾಲ್ಕೂ ಕಾಲು ಕಾಣುವಂತೆ ನಿಲ್ಲಿಸಿ. ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಿ; ಇಲ್ಲದಿದ್ದರೆ ಟ್ರೈನರ್ ಆ ಕಡೆಯಿಂದ ಕ್ಲಿಕ್ ಮಾಡಿ ತೋರಿಸಿದಾಗಲೆಲ್ಲ ನಾಯಿ ತಿಂಡಿ ಕೇಳಿಕೊಂಡು ಫೋನಿನ ಮುಂದೆ ಹೋಗಿ ಕೂರುತ್ತದೆ.